ಆಸ್ಪತ್ರೆಗಳಲ್ಲಿ ಪ್ರತಿಜೀವಕ ನೀತಿಯ ಪಾಲನೆ: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹಿನ್ನೆಲೆಯಲ್ಲಿ ಒಂದು ವಿಚಾರ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ವಿಷಯ ಪ್ರವೇಶ

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳಿಗೆ ಪ್ರತಿಜೀವಕಗಳು ಎಂದು ಹೆಸರು. ಜನಬಳಕೆಯಲ್ಲಿ ಅವು ಆಂಟಿಬಯೋಟಿಕ್ ಎಂದೇ ಪರಿಚಿತ. ಯಾವ ಸೋಂಕಿಗೆ ಯಾವ ಪ್ರತಿಜೀವಕವನ್ನು, ಎಷ್ಟು ಪ್ರಮಾಣದಲ್ಲಿ, ಬಾಯಿಯ ಮೂಲಕವೋ ರಕ್ತನಾಳದ ಮೂಲಕವೋ, ಎಷ್ಟು ದಿನ ಕೊಡಬೇಕು, ಯಾವ ಸಂದರ್ಭದಲ್ಲಿ ಕೊಡಲೇಬಾರದು ಎಂಬುದನ್ನು ಆಸ್ಪತ್ರೆಯೊಂದು ತನ್ನ ವೈದ್ಯರ ಒಪ್ಪಿಗೆಯೊಡನೆ ಬರೆದಿಟ್ಟುಕೊಂಡ ದಾಖಲೆಯೇ ಪ್ರತಿಜೀವಕ ನೀತಿ. ಇಂಥ ನೀತಿಯನ್ನು ರೂಪಿಸಲು ಬೇಕಾದ ಆಧಾರಗಳಿಗೆ ಇಂದು ಕೊರತೆಯಿಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2016ರಲ್ಲಿ ಚಿಕಿತ್ಸಾ ಮಾರ್ಗಸೂಚಿಯನ್ನು ಪ್ರಕಟಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ತನ್ನ ಮಾರ್ಗಸೂಚಿಯನ್ನು ಹೊರತಂದು, 2019ರಲ್ಲಿ ಅದನ್ನು ಪರಿಷ್ಕರಿಸಿತು. ಸರ್ಕಾರಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಲ್ಲಿ ಪ್ರತಿಜೀವಕ ನೀತಿ ಇದೆಯೇ ಎಂಬುದು ಒಂದು ಪರಿಶೀಲನಾ ಅಂಶವಾಗಿದೆ.

ಹೀಗಿರುವಾಗ ಮುಖ್ಯವಾದ ಪ್ರಶ್ನೆ ನೀತಿ ಇದೆಯೇ ಎಂಬುದಲ್ಲ, ವಾರ್ಡಿನಲ್ಲಿ ಮಲಗಿರುವ ರೋಗಿಯ ಕೇಸ್ ಶೀಟಿನ ಮೇಲೆ ಅದು ನಡೆಯುತ್ತಿದೆಯೇ ಎಂಬುದು. ಈ ಉಪನ್ಯಾಸದ ಪ್ರತಿಪಾದನೆ ಇಷ್ಟು: ನೀತಿಯ ಪಾಲನೆಯು ವೈದ್ಯರ ತಿಳಿವಳಿಕೆ ಅಥವಾ ಶೀಲವೊಂದನ್ನೇ ಅವಲಂಬಿಸಿದ ಸಂಗತಿಯಲ್ಲ, ಪ್ರಯೋಗಾಲಯದ ವರದಿ ಕೈಸೇರುವ ಹೊತ್ತು, ಔಷಧ ಉಗ್ರಾಣದಲ್ಲಿ ಇರುವ ದಾಸ್ತಾನು, ರೌಂಡ್ಸಿನಲ್ಲಿ ಕೇಳಲಾಗುವ ಪ್ರಶ್ನೆ, ತಿಂಗಳ ಕೊನೆಗೆ ಎದುರಿಗಿಡಲಾಗುವ ಲೆಕ್ಕ ಇವೆಲ್ಲ ಸೇರಿ ರೂಪಿಸುವ ಆಸ್ಪತ್ರೆಯ ದಿನಚರಿಯನ್ನು ಅದು ಅವಲಂಬಿಸಿದೆ. ದಿನಚರಿಯನ್ನು ತಿದ್ದದೆ ಸುತ್ತೋಲೆಗಳನ್ನು ಹೆಚ್ಚಿಸಿದರೆ ಫಲ ದೊರೆಯುವುದಿಲ್ಲ. ಈ ಮಾತನ್ನು ಮಹಾನಗರದ ದೊಡ್ಡ ಆಸ್ಪತ್ರೆಗಳ ಮಟ್ಟಿಗೆ ನಿಲ್ಲಿಸದೆ, ಹೆದ್ದಾರಿ ಮತ್ತು ರೈಲುಮಾರ್ಗದಿಂದ ಬೆಸೆದುಕೊಂಡಿರುವ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಂಥ ಊರುಗಳ ಆಸ್ಪತ್ರೆಗಳಿಗೂ ಅನ್ವಯಿಸಿ ನೋಡುವುದು ಇಲ್ಲಿನ ಉದ್ದೇಶ.

2. ಪ್ರತಿರೋಧದ ಹಿನ್ನೆಲೆ

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ನಿನ ಗುಣವನ್ನು ಕಂಡುಕೊಂಡರು. 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದ ಪ್ರಮಾಣದಲ್ಲಿ ಔಷಧವನ್ನು ಬಳಸಿದರೆ ರೋಗಾಣುಗಳು ಅದನ್ನು ತಾಳಿಕೊಳ್ಳುವ ಶಕ್ತಿ ಪಡೆಯುತ್ತವೆ ಎಂದು ಎಚ್ಚರಿಸಿದರು. ಪ್ರತಿಜೀವಕವೊಂದನ್ನು ಕೊಟ್ಟಾಗ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದವು ಉಳಿದು ಸಂತಾನ ಬೆಳೆಸುತ್ತವೆ ಮತ್ತು ತಮ್ಮ ಪ್ರತಿರೋಧದ ಜೀನುಗಳನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಈ ವಿದ್ಯಮಾನವೇ ಪ್ರತಿಜೀವಕ ಪ್ರತಿರೋಧ. ಅಗತ್ಯವಿಲ್ಲದೆ ಕೊಟ್ಟ ಗುಳಿಗೆಯೂ ರೋಗಿಯ ಕರುಳಿನಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳ ನಡುವೆ ಇದೇ ಆಯ್ಕೆಯನ್ನು ನಡೆಸುವುದರಿಂದ, ಒಬ್ಬರಿಗೆ ಬರೆದ ಔಷಧದ ಪರಿಣಾಮ ಮುಂದೆ ಅದೇ ವಾರ್ಡಿಗೆ, ಅದೇ ಊರಿಗೆ ಬರುವ ಇನ್ನೊಬ್ಬರ ಮೇಲೆ ಆಗುತ್ತದೆ.

ಇದರ ವ್ಯಾಪ್ತಿಯನ್ನು ಅಂಕಿಗಳೇ ಹೇಳುತ್ತವೆ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾಗಳು ನೇರವಾಗಿ 12.7 ಲಕ್ಷ ಸಾವುಗಳಿಗೆ ಕಾರಣವಾದವು ಮತ್ತು 49.5 ಲಕ್ಷ ಸಾವುಗಳಲ್ಲಿ ಅವುಗಳ ಪಾತ್ರವಿತ್ತು. ಭಾರತವು 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ವಿಶ್ವಸಂಸ್ಥೆಯ ಮಹಾಸಭೆಯು 2024ರ ಸೆಪ್ಟೆಂಬರ್‌ನಲ್ಲಿ ಈ ವಿಷಯಕ್ಕಾಗಿಯೇ ಉನ್ನತ ಮಟ್ಟದ ಸಭೆ ನಡೆಸಿ, ಈ ಸಾವುಗಳನ್ನು 2030ರ ವೇಳೆಗೆ 10% ತಗ್ಗಿಸುವ ಗುರಿಯನ್ನು ಒಪ್ಪಿತು.

3. ಭಾರತದ ವಾರ್ಡುಗಳಲ್ಲಿ ಕಂಡದ್ದು

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ನೈಟ್ರೋಫ್ಯುರಾಂಟಾಯಿನ್, ಸೆಫಜೋಲಿನ್ ಮೊದಲಾದವು ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದ ಮತ್ತು ಎಲ್ಲೆಡೆ ದೊರೆಯಬೇಕಾದ ಮೊದಲ ಗುಂಪಿಗೆ ಸೇರುತ್ತವೆ. ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್, ಮೆರೋಪೆನೆಮ್ ಮೊದಲಾದವು ಪ್ರತಿರೋಧವನ್ನು ಬೇಗ ಬೆಳೆಸುವ ಕಾರಣ ನಿಗಾವಹಿಸಿ ಬಳಸಬೇಕಾದ ಎರಡನೆಯ ಗುಂಪಿನವು. ಕೊಲಿಸ್ಟಿನ್, ಲಿನೆಜೋಲಿಡ್ ಮೊದಲಾದವು ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಮಾತ್ರ ತೆಗೆಯಬೇಕಾದ ಮೀಸಲು ಗುಂಪಿನವು. ಬಳಕೆಯ ಹೆಚ್ಚಿನ ಪಾಲು ಮೊದಲ ಗುಂಪಿನದಾಗಿರಬೇಕೆಂಬುದು ಈ ವಿಂಗಡಣೆಯ ಆಶಯ. 2024ರ ವಿಶ್ವಸಂಸ್ಥೆಯ ಘೋಷಣೆ ಆ ಪಾಲು ಜಾಗತಿಕವಾಗಿ 70% ಆಗಬೇಕೆಂದು ಹೇಳಿತು.

ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021-22ರಲ್ಲಿ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ಸಮೀಕ್ಷೆಯೊಂದನ್ನು ನಡೆಸಿ, ನಿಗದಿತ ದಿನದಂದು ಒಳರೋಗಿಗಳಾಗಿದ್ದ 9,652 ಜನರ ಕೇಸ್ ಶೀಟುಗಳನ್ನು ಪರಿಶೀಲಿಸಿತು. ಅವರಲ್ಲಿ 71.9% ಜನರಿಗೆ ಪ್ರತಿಜೀವಕ ಬರೆಯಲಾಗಿತ್ತು. ಬರೆದ ಔಷಧಗಳಲ್ಲಿ 55% ಸೋಂಕು ಬಾರದಿರಲೆಂದು ಮುನ್ನೆಚ್ಚರಿಕೆಗಾಗಿ ಬರೆದವು, 45% ಮಾತ್ರ ಚಿಕಿತ್ಸೆಗಾಗಿ ಬರೆದವು; ಚಿಕಿತ್ಸೆಗಾಗಿ ಬರೆದವುಗಳಲ್ಲಿ ರೋಗಾಣು ಯಾವುದೆಂದು ತಿಳಿದ ಮೇಲೆ ಬರೆದವು ಸುಮಾರು 6%. ಬಳಕೆಯಾದ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಗಾ ಗುಂಪಿಗೆ ಸೇರಿದ್ದವು. ಪ್ರಯೋಗಾಲಯವೂ ತಜ್ಞರೂ ಮಾರ್ಗಸೂಚಿಯೂ ಇರುವ ದೊಡ್ಡ ಆಸ್ಪತ್ರೆಗಳಲ್ಲಿಯೇ ಸ್ಥಿತಿ ಹೀಗಿರುವುದರಿಂದ, ನೀತಿಯ ಇರವಿಗೂ ಅದರ ಪಾಲನೆಗೂ ನಡುವೆ ಇರುವ ದೂರ ಸಣ್ಣದಲ್ಲ ಎಂಬುದು ಸ್ಪಷ್ಟವಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳು ಇಂಥ ಸಮೀಕ್ಷೆಯ ಬೆಳಕಿನ ಹೊರಗೇ ಉಳಿದಿವೆ. ಆದರೆ ಜಿಲ್ಲೆಯ ಹೆಚ್ಚಿನ ಜನರು ಮೊದಲು ಮೆಟ್ಟಿಲೇರುವುದು ಅಲ್ಲಿಗೇ.

4. ನೀತಿ ಪಾಲನೆಯಾಗದಿರುವುದರ ಕಾರಣಗಳು

ಮೊದಲನೆಯ ಕಾರಣ ಭಯದ ಅಸಮತೋಲನ. ಪ್ರತಿಜೀವಕ ಕೊಡದೆ ರೋಗಿಯ ಸ್ಥಿತಿ ಬಿಗಡಾಯಿಸಿದರೆ ಅದು ಆ ರಾತ್ರಿಯೇ ವೈದ್ಯರ ಕಣ್ಣೆದುರಿಗೆ ಬರುತ್ತದೆ, ಮನೆಯವರ ಸಿಟ್ಟೂ ಎದುರಾಗುತ್ತದೆ. ಬೇಡದೆಡೆ ಕೊಟ್ಟರೆ ಆಗುವ ಹಾನಿ ತಿಂಗಳುಗಳಾದ ಮೇಲೆ, ಬೇರೊಬ್ಬ ರೋಗಿಯಲ್ಲಿ, ಯಾರ ಚೀಟಿಯೆಂದು ಗುರುತಿಸಲಾಗದ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಬ್ಬಂಟಿಯಾಗಿ ರಾತ್ರಿ ಪಾಳಿಯಲ್ಲಿರುವ ವೈದ್ಯರು ಎರಡು ಅಪಾಯಗಳಲ್ಲಿ ಹತ್ತಿರದ್ದನ್ನು ತಪ್ಪಿಸಿಕೊಳ್ಳಲು ನೋಡುವುದು ಸಹಜವೇ ಆಗಿದ್ದು, ಅದನ್ನು ಬರಿಯ ಉಪದೇಶದಿಂದ ಬದಲಿಸಲಾಗದು.

ಎರಡನೆಯದು ಪರೀಕ್ಷೆಯ ವಿಳಂಬ. ರಕ್ತ, ಮೂತ್ರ ಅಥವಾ ಕೀವಿನ ಸ್ಯಾಂಪಲ್ಲಿನಿಂದ ರೋಗಾಣುವನ್ನು ಬೆಳೆಸಿ ಗುರುತಿಸುವುದು ಕಲ್ಚರ್ ಪರೀಕ್ಷೆ. ಬೆಳೆದ ರೋಗಾಣುವಿಗೆ ಯಾವ ಔಷಧ ನಾಟುತ್ತದೆ ಎಂದು ನೋಡುವುದು ಸೆನ್ಸಿಟಿವಿಟಿ ಪರೀಕ್ಷೆ. ಎರಡೂ ಸೇರಿ ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತವೆ. ಈ ಸೌಲಭ್ಯ ಊರಿನಲ್ಲಿಯೇ ಇಲ್ಲದಿದ್ದರೆ ಅಥವಾ ರೋಗಿ ಮನೆಗೆ ಹೋದ ಮೇಲೆ ವರದಿ ಬಂದರೆ, ಸ್ಯಾಂಪಲ್ ಕಳಿಸುವ ರೂಢಿಯೇ ಬಿಟ್ಟುಹೋಗುತ್ತದೆ. ಆಗ ಉಳಿಯುವುದು ಊಹೆಯ ಮೇಲೆ ಬರೆಯುವ, ಹೆಚ್ಚು ರೋಗಾಣುಗಳಿಗೆ ಒಮ್ಮೆಗೇ ನಾಟುವ ಔಷಧ. ಜ್ವರದ ರೋಗಿಗೆ ವಿಡಾಲ್ ಪರೀಕ್ಷೆಯೊಂದನ್ನೇ ಮಾಡಿಸಿ, ಹಿಂದಿನ ಸೋಂಕಿನಿಂದಲೂ ಲಸಿಕೆಯಿಂದಲೂ ಪಾಸಿಟಿವ್ ಬರಬಹುದಾದ ಅದರ ಫಲಿತಾಂಶವನ್ನು ನಂಬಿ ಟೈಫಾಯಿಡ್ ಚಿಕಿತ್ಸೆ ಆರಂಭಿಸುವ ರೂಢಿಯೂ ಈ ಕೊರತೆಯ ಫಲವೇ.

ಮೂರನೆಯದು ಶ್ರೇಣಿ. ಹಿರಿಯ ಶಸ್ತ್ರಚಿಕಿತ್ಸಕರು ಬರೆದ ಔಷಧವನ್ನು ಕಿರಿಯರು ಪ್ರಶ್ನಿಸುವುದಿಲ್ಲ, ಶುಶ್ರೂಷಾಧಿಕಾರಿಗಳೂ ಫಾರ್ಮಸಿಸ್ಟರೂ ಕೇಳುವುದಿಲ್ಲ. ಐದು ದಿನಕ್ಕೆ ನಿಲ್ಲಬೇಕಾದ ಇಂಜೆಕ್ಷನ್ ಯಾರೂ ನಿಲ್ಲಿಸದೆ ಇರುವುದರಿಂದಲೇ ಎಂಟು ದಿನ ಮುಂದುವರಿಯುತ್ತದೆ. ನಾಲ್ಕನೆಯದು ಪೂರೈಕೆ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಗಳು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬರುತ್ತವೆ. ನೀತಿಯಲ್ಲಿ ಸೆಫಜೋಲಿನ್ ಎಂದಿದ್ದು ಉಗ್ರಾಣದಲ್ಲಿ ಸೆಫ್ಟ್ರಿಯಾಕ್ಸೋನ್ ಮಾತ್ರ ಇದ್ದರೆ, ನೀತಿಯನ್ನು ಮುರಿದವರು ವೈದ್ಯರೆಂದು ಹೇಳುವುದು ನ್ಯಾಯವಲ್ಲ. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಇದರೊಡನೆ ಔಷಧ ಕಂಪನಿಗಳ ಪ್ರಚಾರವೂ, ಎರಡು ಪ್ರತಿಜೀವಕಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸಿದ ಸಿದ್ಧೌಷಧಗಳ ಹಾವಳಿಯೂ ಸೇರಿಕೊಳ್ಳುತ್ತವೆ. ಸೆಫಿಕ್ಸಿಮ್ ಮತ್ತು ಆಫ್ಲಾಕ್ಸಾಸಿನ್ ಸೇರಿದ ಗುಳಿಗೆಯಂಥ ಮಿಶ್ರಣಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸಿಗೆ ಅರ್ಹವಲ್ಲದ ಪಟ್ಟಿಯಲ್ಲಿ ಇರಿಸಿದೆ.

5. ಪಾಲನೆಯನ್ನು ಹೆಚ್ಚಿಸುವ ಉಪಾಯಗಳು

ಆಸ್ಪತ್ರೆಯಲ್ಲಿ ಪ್ರತಿಜೀವಕಗಳ ಬಳಕೆಯನ್ನು ನಿರಂತರವಾಗಿ ನೋಡಿಕೊಂಡು ತಿದ್ದುವ ಸಂಘಟಿತ ಕೆಲಸಕ್ಕೆ ಪ್ರತಿಜೀವಕ ಉಸ್ತುವಾರಿ ಎನ್ನಬಹುದು. ಯಾವ ಬಗೆಯ ಉಸ್ತುವಾರಿ ಫಲ ಕೊಡುತ್ತದೆ ಎಂಬುದಕ್ಕೆ ದೃಢವಾದ ಆಧಾರವಿದೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯು 2017ರಲ್ಲಿ 221 ಅಧ್ಯಯನಗಳ ವಿಮರ್ಶೆಯನ್ನು ಪ್ರಕಟಿಸಿತು. ಅದರಂತೆ, ಸುಧಾರಣಾ ಕ್ರಮಗಳಿಂದ ನೀತಿಗೆ ಅನುಗುಣವಾದ ಚಿಕಿತ್ಸೆಯ ಪ್ರಮಾಣ 43%ರಿಂದ 58%ಕ್ಕೆ ಏರಿತು, ಪ್ರತಿಜೀವಕ ನೀಡುವ ಅವಧಿ ಸರಾಸರಿ ಸುಮಾರು ಎರಡು ದಿನ ಇಳಿಯಿತು, ಸಾವಿನ ಪ್ರಮಾಣ ಮಾತ್ರ ಹೆಚ್ಚಲಿಲ್ಲ. ಕಡಿಮೆ ಬರೆದರೆ ರೋಗಿಗೆ ಅಪಾಯವಾದೀತೆಂಬ ಅಂಜಿಕೆಗೆ ಈ ಕೊನೆಯ ಅಂಶವೇ ಉತ್ತರ. ನಿರ್ಬಂಧ ಹೇರಿದ ಕ್ರಮಗಳೂ ಫಲ ಕೊಟ್ಟವು, ಅವುಗಳೊಡನೆ ವೈದ್ಯರಿಗೆ ಸರಿಯಾದುದನ್ನು ಮಾಡಲು ಅನುಕೂಲ ಕಲ್ಪಿಸಿದಾಗ ಫಲ ಹೆಚ್ಚಿತು, ಅನುಕೂಲ ಕಲ್ಪಿಸಿದ ಕ್ರಮಗಳಲ್ಲಿಯೂ ವೈದ್ಯರ ಬರವಣಿಗೆಯ ಲೆಕ್ಕವನ್ನು ಅವರಿಗೇ ಹಿಂದಿರುಗಿಸಿ ತೋರಿಸಿದವು ಹೆಚ್ಚು ಫಲ ಕೊಟ್ಟವು ಎಂಬುದು ಆ ವಿಮರ್ಶೆಯ ಇನ್ನೊಂದು ಮುಖ್ಯ ತೀರ್ಮಾನ.

ಈ ಆಧಾರದಿಂದ ಮೂರು ಕ್ರಮಗಳು ಹೊರಡುತ್ತವೆ. ಮೊದಲನೆಯದು ಕಾರಣವನ್ನು ಬರೆಯುವುದು. ಪ್ರತಿಜೀವಕ ಬರೆಯುವಾಗ ಯಾವ ಸೋಂಕಿಗಾಗಿ ಎಂಬುದನ್ನು ಕಡ್ಡಾಯವಾಗಿ ನಮೂದಿಸಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳ ವೈದ್ಯರನ್ನು ಕೋರಿತು. ಕೇಸ್ ಶೀಟಿನಲ್ಲಿ ಔಷಧದ ಹೆಸರಿನ ಪಕ್ಕದಲ್ಲಿಯೇ ಕಾರಣ ಮತ್ತು ನಿಲ್ಲಿಸುವ ದಿನಾಂಕ ಎಂಬ ಎರಡು ಅಂಕಣಗಳನ್ನು ಅಚ್ಚು ಹಾಕಿಸಿದರೆ, ಬರೆಯುವ ಕ್ಷಣದಲ್ಲಿಯೇ ಒಂದು ಯೋಚನೆ ಅನಿವಾರ್ಯವಾಗುತ್ತದೆ ಮತ್ತು ಮುಂದೆ ಪರಿಶೀಲಿಸುವವರಿಗೆ ತೂಗಿ ನೋಡಲು ಒಂದು ಆಧಾರ ಸಿಗುತ್ತದೆ.

ಎರಡನೆಯದು ಮೂರನೆಯ ದಿನದ ಮರುಪರಿಶೀಲನೆ. ಔಷಧ ಆರಂಭಿಸಿ 48ರಿಂದ 72 ಗಂಟೆಗಳಾಗುವ ಹೊತ್ತಿಗೆ ರೋಗಿಯ ಸ್ಥಿತಿ ತಿಳಿದಿರುತ್ತದೆ, ಕಲ್ಚರ್ ಕಳಿಸಿದ್ದರೆ ವರದಿಯೂ ಬಂದಿರುತ್ತದೆ. ಆಗ ಔಷಧವನ್ನು ನಿಲ್ಲಿಸುವುದೇ, ಹೆಚ್ಚು ನಿರ್ದಿಷ್ಟವಾದ ಔಷಧಕ್ಕೆ ಬದಲಿಸುವುದೇ, ಇಂಜೆಕ್ಷನ್ನಿನಿಂದ ಗುಳಿಗೆಗೆ ಇಳಿಸುವುದೇ, ಹಾಗೆಯೇ ಮುಂದುವರಿಸುವುದೇ ಎಂದು ನಿರ್ಧರಿಸಿ ಬರೆಯಬೇಕು. ಗುಳಿಗೆಗೆ ಬದಲಿಸುವುದರಿಂದ ರಕ್ತನಾಳದ ಸೂಜಿಯ ಜಾಗದಲ್ಲಿ ಹೊಸ ಸೋಂಕು ಹುಟ್ಟುವ ಅಪಾಯ ತಪ್ಪುತ್ತದೆ, ಖರ್ಚು ತಗ್ಗುತ್ತದೆ, ರೋಗಿ ಬೇಗ ಮನೆ ಸೇರುತ್ತಾರೆ. ದಿನಗೂಲಿಯ ಮನೆಗೆ ಈ ಒಂದೆರಡು ದಿನಗಳ ಬೆಲೆ ದೊಡ್ಡದು. ಈ ಮರುಪರಿಶೀಲನೆಯನ್ನು ನೆನಪಿಸುವ ಅಧಿಕಾರವನ್ನು ವಾರ್ಡಿನ ಶುಶ್ರೂಷಾಧಿಕಾರಿಗೆ ಲಿಖಿತವಾಗಿ ಕೊಟ್ಟಾಗ ಮಾತ್ರ ಶ್ರೇಣಿಯ ಅಡ್ಡಿ ಸಡಿಲಗೊಳ್ಳುತ್ತದೆ.

ಮೂರನೆಯದು ಲೆಕ್ಕವನ್ನು ಹಿಂದಿರುಗಿಸುವುದು. ವಾರಕ್ಕೆ 20 ಕೇಸ್ ಶೀಟುಗಳನ್ನು ತೆಗೆದು, ಕಾರಣ ಬರೆದಿದೆಯೇ, ಔಷಧ ನೀತಿಗೆ ಅನುಗುಣವಾಗಿದೆಯೇ, ಮರುಪರಿಶೀಲನೆ ನಡೆದಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗುರುತಿಸುವುದು ತರಬೇತಿ ಪಡೆದ ಫಾರ್ಮಸಿಸ್ಟರೊಬ್ಬರಿಗೆ ಕೆಲವು ಗಂಟೆಗಳ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಿನದ ಧಾರಣೆ ರೈತರಿಗೂ ವ್ಯಾಪಾರಿಗಳಿಗೂ ತಿಳಿಯುವಂತಿರುವುದರಿಂದಲೇ ಅಲ್ಲಿನ ವ್ಯವಹಾರಕ್ಕೆ ಒಂದು ಅಳತೆ ಇರುವಂತೆ, ಪ್ರತಿ ವಿಭಾಗದ ಪಾಲನೆಯ ಪ್ರಮಾಣವೂ ತಿಂಗಳಿಗೊಮ್ಮೆ ಆ ವಿಭಾಗದವರಿಗೆ ತಿಳಿಯುವಂತಿರಬೇಕು. ಈ ಲೆಕ್ಕ ಶಿಕ್ಷೆಗೆ ಸಾಧನವಾದರೆ ಕೇಸ್ ಶೀಟುಗಳಲ್ಲಿ ಸುಳ್ಳು ಕಾರಣಗಳು ತುಂಬಿಕೊಳ್ಳುತ್ತವೆ. ಕಲಿಕೆಗೆ ಸಾಧನವಾದರೆ ಮಾತ್ರ ಬಳಕೆ ಬದಲಾಗುತ್ತದೆ. ವಾರ್ಡಿನಲ್ಲಿ ಔಷಧತಜ್ಞರ ಪಾತ್ರಕ್ಕೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ: ಮೈಸೂರಿನ ಜೆ.ಎಸ್.ಎಸ್. ಔಷಧವಿಜ್ಞಾನ ಕಾಲೇಜು 1990ರ ದಶಕದಲ್ಲಿಯೇ ಆಸ್ಪತ್ರೆ ಆಧಾರಿತ ಔಷಧ ವೃತ್ತಿಯ ಶಿಕ್ಷಣವನ್ನು ಆರಂಭಿಸಿತು, ದೇಶದಲ್ಲಿ 2008ರಿಂದ ಫಾರ್ಮ್.ಡಿ. ಪದವಿ ನಡೆಯುತ್ತಿದೆ. ಈ ಪದವೀಧರರನ್ನು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ತರುವುದು ಸರ್ಕಾರ ತೆಗೆದುಕೊಳ್ಳಬೇಕಾದ ನಿರ್ಧಾರ.

6. ಮೂರು ಊರುಗಳು, ಒಂದು ಜಾಲ

ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಹಾವೇರಿ ಜಿಲ್ಲೆಯ ಗಂಭೀರ ರೋಗಿಗಳು ಬಹುಕಾಲ ಹುಬ್ಬಳ್ಳಿ ಅಥವಾ ದಾವಣಗೆರೆಯ ಕಡೆಗೆ ನೋಡಬೇಕಾಗಿತ್ತು. ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2022-23ರಲ್ಲಿ ಮೊದಲ ವಿದ್ಯಾರ್ಥಿಗಳ ತಂಡವನ್ನು ಸೇರಿಸಿಕೊಂಡದ್ದು ಈ ವಿಷಯದಲ್ಲಿ ಒಂದು ತಿರುವು, ಏಕೆಂದರೆ ವೈದ್ಯಕೀಯ ಕಾಲೇಜೆಂದರೆ ಸೂಕ್ಷ್ಮಜೀವಿ ವಿಜ್ಞಾನ ವಿಭಾಗವೂ ಅದರ ಪ್ರಯೋಗಾಲಯವೂ ಅದರ ಅಂಗವಾಗಿ ಇರಲೇಬೇಕು. ಆ ವಿಭಾಗವನ್ನು ಕಾಲೇಜಿನ ಆಸ್ಪತ್ರೆಗಷ್ಟೇ ಸೀಮಿತಗೊಳಿಸದೆ, ಇಡೀ ಜಿಲ್ಲೆಯ ಪ್ರಯೋಗಾಲಯವೆಂದು ಪರಿಗಣಿಸುವುದು ಈ ಉಪನ್ಯಾಸದ ಮುಖ್ಯ ಸಲಹೆ.

ರಾಣೇಬೆನ್ನೂರಿನಿಂದಾಗಲಿ ಬ್ಯಾಡಗಿಯಿಂದಾಗಲಿ ಹಾವೇರಿಗೆ ವಾಹನದಲ್ಲಿ ಒಂದು ಗಂಟೆಯೊಳಗಿನ ದಾರಿ. ರಕ್ತದ ಕಲ್ಚರ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡದೆ ಕೋಣೆಯ ಉಷ್ಣತೆಯಲ್ಲಿಯೇ ಸಾಗಿಸಬೇಕು. ಮೂತ್ರದ ಸ್ಯಾಂಪಲ್ಲನ್ನು ಎರಡು ಗಂಟೆಯೊಳಗೆ ಪರೀಕ್ಷೆಗೆ ಹಾಕಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಈ ಎರಡು ನಿಯಮಗಳನ್ನು ಪಾಲಿಸಿ, ದಿನಕ್ಕೊಂದು ನಿಗದಿತ ಹೊತ್ತಿಗೆ ತಾಲ್ಲೂಕು ಆಸ್ಪತ್ರೆಗಳಿಂದ ಸ್ಯಾಂಪಲ್ ಒಯ್ಯುವ ಒಂದು ವಾಹನವೂ, ವರದಿಯನ್ನು ಸಿದ್ಧವಾದ ಕೂಡಲೇ ಚಿಕಿತ್ಸೆ ನೀಡುತ್ತಿರುವ ವೈದ್ಯರ ಮೊಬೈಲಿಗೆ ಮುಟ್ಟಿಸುವ ಏರ್ಪಾಡೂ ಇದ್ದರೆ, ಪರೀಕ್ಷೆಯ ವಿಳಂಬವೆಂಬ ಕಾರಣ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹೀಗೆ ಬಂದ ವರದಿಗಳನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ, ಯಾವ ರೋಗಾಣುವಿಗೆ ಯಾವ ಔಷಧ ಎಷ್ಟು ಪ್ರಮಾಣದಲ್ಲಿ ನಾಟುತ್ತಿದೆ ಎಂದು ತೋರಿಸುವ ಕೋಷ್ಟಕಕ್ಕೆ ಆಂಟಿಬಯೋಗ್ರಾಮ್ ಎನ್ನುತ್ತಾರೆ. ಒಂದು ರೋಗಾಣುವಿನ ಬಗ್ಗೆ ನೆಚ್ಚಬಹುದಾದ ಪ್ರಮಾಣ ಹೇಳಲು ವರ್ಷದಲ್ಲಿ ಕನಿಷ್ಠ 30 ರೋಗಿಗಳ ಸ್ಯಾಂಪಲ್ಲಿನಲ್ಲಿ ಅದು ಸಿಕ್ಕಿರಬೇಕೆಂಬುದು ರೂಢಿಯ ನಿಯಮ. ಬ್ಯಾಡಗಿಯಂಥ ಸಣ್ಣ ಆಸ್ಪತ್ರೆ ಒಂಟಿಯಾಗಿ ಅಷ್ಟು ಸಂಖ್ಯೆಯನ್ನು ಮುಟ್ಟುವುದು ಕಷ್ಟ, ಮೂರೂ ಊರುಗಳು ಸೇರಿದರೆ ಸುಲಭ. ಬೇರೆಡೆಯ ಮಾರ್ಗಸೂಚಿಯನ್ನು ನಕಲು ಮಾಡಿದ ನೀತಿಗೆ ಬದಲಾಗಿ ಈ ನೆಲದ ರೋಗಾಣುಗಳನ್ನು ಆಧರಿಸಿದ ನೀತಿ ರೂಪುಗೊಂಡರೆ, ಅದನ್ನು ಪಾಲಿಸುವ ವೈದ್ಯರಿಗೆ ಅದರ ಮೇಲೆ ನಂಬಿಕೆಯೂ ಹುಟ್ಟುತ್ತದೆ.

ಎಲ್ಲವನ್ನೂ ಒಮ್ಮೆಗೇ ಆರಂಭಿಸುವ ಅಗತ್ಯವಿಲ್ಲ. ಮೊದಲ ಹೆಜ್ಜೆಗೆ ಸಿಸೇರಿಯನ್ ಹೆರಿಗೆಗಿಂತ ಸೂಕ್ತವಾದುದು ಇನ್ನೊಂದಿಲ್ಲ, ಏಕೆಂದರೆ ಅದು ಜಿಲ್ಲಾ ಆಸ್ಪತ್ರೆಯಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಖಾಸಗಿ ನರ್ಸಿಂಗ್ ಹೋಮುಗಳಲ್ಲಿಯೂ ನಡೆಯುವ ಶಸ್ತ್ರಚಿಕಿತ್ಸೆ ಮತ್ತು ಅದರ ಬಗ್ಗೆ ವೈಜ್ಞಾನಿಕ ಒಮ್ಮತವಿದೆ. ಚರ್ಮವನ್ನು ಕೊಯ್ಯುವ ಮೊದಲಿನ 60 ನಿಮಿಷಗಳೊಳಗೆ ಸೆಫಜೋಲಿನ್ನಿನಂಥ ಔಷಧದ ಒಂದು ಡೋಸ್ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಬೇಕಾದ ಹೊತ್ತಿಗೆ ಬೇಕಾದಷ್ಟಿರುತ್ತದೆ; ಸೋಂಕಿನ ಲಕ್ಷಣವಿಲ್ಲದ ತಾಯಿಗೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ದಿನಗಟ್ಟಲೆ ಇಂಜೆಕ್ಷನ್ ಮುಂದುವರಿಸುವುದರಿಂದ ಗಾಯದ ಸೋಂಕು ಕಡಿಮೆಯಾಗುವುದಿಲ್ಲ ಎಂಬ ಆಧಾರದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹಾಗೆ ಮುಂದುವರಿಸಬಾರದೆಂದು ಹೇಳಿದೆ. ಆದರೂ ಮುಂದುವರಿಸುವವರ ಮನಸ್ಸಿನಲ್ಲಿ ಇರುವುದು ಶಸ್ತ್ರಚಿಕಿತ್ಸಾ ಕೊಠಡಿಯ ಶುಚಿತ್ವದ ಬಗೆಗಿನ ಸಂದೇಹ. ಆದುದರಿಂದ ಉಪಕರಣಗಳ ಆಟೋಕ್ಲೇವ್ ಸರಿಯಾಗಿ ನಡೆಯುತ್ತಿದೆ ಎಂಬ ಖಾತರಿ, ಕೈ ತೊಳೆಯಲು ತಡೆಯಿಲ್ಲದ ನೀರು ಮತ್ತು ಸ್ಪಿರಿಟ್ಟಿನ ದ್ರಾವಣ, ಹೆರಿಗೆಯಾದ ಮೇಲೆ 30 ದಿನಗಳವರೆಗೆ ಗಾಯವನ್ನು ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ ದಾಖಲಿಸುವ ಪದ್ಧತಿ ಈ ಮೂರನ್ನೂ ನೀತಿಯೊಡನೆ ಒದಗಿಸಬೇಕು. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಗಾಯಗಳು ಕೀವುಗಟ್ಟಲಿಲ್ಲ ಎಂಬುದನ್ನು ತಮ್ಮದೇ ಊರಿನ ಲೆಕ್ಕದಲ್ಲಿ ಕಂಡ ವೈದ್ಯರಿಗೆ ಮತ್ತೊಂದು ಸುತ್ತೋಲೆ ಬೇಕಾಗುವುದಿಲ್ಲ.

7. ಆಸ್ಪತ್ರೆಯ ಹೊರಗಿನ ಸಂಬಂಧ

ಆಸ್ಪತ್ರೆಯ ನೀತಿಯು ಊರಿನ ರೂಢಿಯಿಂದ ಬೇರೆಯಾಗಿ ನಿಲ್ಲಲಾರದು. ಬ್ಯಾಡಗಿಯ ಮೆಣಸಿನಕಾಯಿ ಅಂಗಳಗಳಲ್ಲಿ ತೊಟ್ಟು ಬಿಡಿಸುವವರಿಗೂ ಹಮಾಲರಿಗೂ ಖಾರದ ಧೂಳಿನಿಂದ ಕೆಮ್ಮು, ಸೀನು, ಗಂಟಲುರಿ ಬರುತ್ತವೆ. ಇದು ಧೂಳಿನ ಕೆರಳಿಕೆಯೇ ಹೊರತು ಸೋಂಕಲ್ಲದ ಕಾರಣ ಇದಕ್ಕೆ ಪ್ರತಿಜೀವಕ ಪರಿಹಾರವಲ್ಲ, ಮುಖಗವಸು ಮತ್ತು ಗಾಳಿಯಾಡುವ ಜಾಗ ಪರಿಹಾರ. ಮಳೆಗಾಲದ ನೆಗಡಿ, ಡೆಂಗಿ, ಚಿಕುನ್‌ಗುನ್ಯಾ ವೈರಸ್ಸಿನಿಂದ ಬರುವ ಕಾರಣ ಪ್ರತಿಜೀವಕಕ್ಕೆ ಬಗ್ಗುವುದಿಲ್ಲ. ಮಕ್ಕಳ ನೀರುಭೇದಿಗೆ ಹೆಚ್ಚಿನ ಸಂದರ್ಭಗಳಲ್ಲಿ ಬೇಕಾದದ್ದು ಓಆರ್‌ಎಸ್ ಮತ್ತು ಜಿಂಕ್ ಗುಳಿಗೆ. ಆದರೆ ಒಂದು ದಿನದ ಕೂಲಿ ಬಿಟ್ಟು ದವಾಖಾನೆಗೆ ಬಂದವರು ನಾಳೆಯೇ ಕೆಲಸಕ್ಕೆ ಹೋಗುವಂತಾಗಬೇಕೆಂದು ಬಯಸಿ ಇಂಜೆಕ್ಷನ್ ಕೇಳುವುದು ಅಜ್ಞಾನವಲ್ಲ, ಅದು ಬಡತನದ ಲೆಕ್ಕಾಚಾರ. ರೋಗ ಯಾವುದು, ಎಷ್ಟು ದಿನದಲ್ಲಿ ಇಳಿಯುತ್ತದೆ, ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕು ಎಂದು ಅವರಿಗೆ ಎರಡು ನಿಮಿಷ ವಿವರಿಸುವುದು ಚಿಕಿತ್ಸೆಯ ಭಾಗವೇ ಆಗಿದೆ.

ಔಷಧ ಅಂಗಡಿಗಳಿಗೂ ಈ ಜಾಲದಲ್ಲಿ ಸ್ಥಾನವಿದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ, ಅದರಲ್ಲಿ ಹೆಸರಿಸಿದ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು. ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ನೆರೆಯ ಕೇರಳವು 2018ರಲ್ಲಿ ತನ್ನದೇ ರಾಜ್ಯ ಕ್ರಿಯಾ ಯೋಜನೆಯನ್ನು ರೂಪಿಸಿ, 2024ರಲ್ಲಿ ಚೀಟಿಯಿಲ್ಲದ ಮಾರಾಟದ ವಿರುದ್ಧ ಆಪರೇಷನ್ ಅಮೃತ್ ಎಂಬ ತಪಾಸಣಾ ಕಾರ್ಯಾಚರಣೆಯನ್ನು ಆರಂಭಿಸಿತು. ಆಸ್ಪತ್ರೆ ಮತ್ತು ಅಂಗಡಿಗಳನ್ನು ಒಟ್ಟಿಗೆ ನೋಡಬೇಕೆಂಬುದೇ ಅಲ್ಲಿಂದ ಕಲಿಯಬೇಕಾದ ಪಾಠ.

8. ಹೊಣೆಗಳ ಹಂಚಿಕೆ

ಮೇಲಿನ ವಿಚಾರವನ್ನು ಕೆಲಸಕ್ಕೆ ಇಳಿಸಬೇಕಾದರೆ ಯಾರ ಹೊಣೆ ಯಾವುದು ಎಂಬುದು ನಿಶ್ಚಿತವಾಗಿರಬೇಕು. ಜಿಲ್ಲಾ ಮಟ್ಟದಲ್ಲಿ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು, ಜಿಲ್ಲಾ ಶಸ್ತ್ರಚಿಕಿತ್ಸಕರು, ತಾಲ್ಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳು, ಖಾಸಗಿ ವೈದ್ಯರ ಪ್ರತಿನಿಧಿಗಳು, ಔಷಧ ನಿಯಂತ್ರಣ ಅಧಿಕಾರಿಗಳು ಇರುವ ಒಂದು ಉಸ್ತುವಾರಿ ಸಮಿತಿ ಬೇಕು. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಸ್ಯಾಂಪಲ್ ಸಾಗಣೆಯಂಥ ಸಣ್ಣ ಖರ್ಚುಗಳನ್ನು ಭರಿಸಬಹುದು. ನೀತಿಯಲ್ಲಿರುವ ಮೊದಲ ಗುಂಪಿನ ಔಷಧಗಳು ಒಂದು ದಿನವೂ ಖಾಲಿಯಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಖಾಸಗಿ ನರ್ಸಿಂಗ್ ಹೋಮುಗಳು ಈ ಜಾಲಕ್ಕೆ ಸ್ವ-ಇಚ್ಛೆಯಿಂದ ಸೇರುವಂತೆ, ಅವುಗಳ ಸ್ಯಾಂಪಲ್ಲುಗಳಿಗೂ ಕಡಿಮೆ ದರದಲ್ಲಿ ಪರೀಕ್ಷೆಯ ಬಾಗಿಲು ತೆರೆದಿಡಬೇಕು.

ಈ ಸಮಿತಿಯು ವರ್ಷಕ್ಕೊಮ್ಮೆ ಮೂರು ಸಂಖ್ಯೆಗಳನ್ನು ಕನ್ನಡದಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು: ಕಾರಣ ಬರೆದು ಕೊಟ್ಟ ಪ್ರತಿಜೀವಕಗಳ ಪ್ರಮಾಣ ಎಷ್ಟು, ಸಿಸೇರಿಯನ್ ಆದ ತಾಯಂದಿರಲ್ಲಿ ಕೊಯ್ಯುವ ಮೊದಲಿನ ಒಂದೇ ಡೋಸಿಗೆ ಔಷಧ ಮುಗಿದವರು ಎಷ್ಟು, ಬಳಕೆಯಲ್ಲಿ ಮೊದಲ ಗುಂಪಿನ ಪಾಲು ಎಷ್ಟು. ಮೊದಲ ವರ್ಷ ಈ ಸಂಖ್ಯೆಗಳು ಕಡಿಮೆಯಾಗಿದ್ದರೆ ಅದು ನಾಚಿಕೆಪಡುವ ಸಂಗತಿಯಲ್ಲ, ಅವುಗಳನ್ನು ಅಳೆಯದಿರುವುದು ಮಾತ್ರ ಕ್ಷಮಿಸಲಾಗದ್ದು. ಹೊಸ ಪ್ರತಿಜೀವಕಗಳ ಶೋಧನೆ ನಿಧಾನವಾಗಿದೆ, ಬಂದರೂ ಅವು ಜಿಲ್ಲಾ ಆಸ್ಪತ್ರೆಯ ಬಡ ರೋಗಿಗೆ ಕೊನೆಗೆ ತಲುಪುತ್ತವೆ. ಆದ್ದರಿಂದ ಈಗಿರುವ ಅಗ್ಗದ, ಹಳೆಯ, ಪರಿಣಾಮಕಾರಿ ಔಷಧಗಳ ಶಕ್ತಿಯನ್ನು ಉಳಿಸಿಕೊಳ್ಳುವುದು ಹೆಚ್ಚು ಬೇಕಾಗಿರುವುದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಂಥ ಊರುಗಳ ಜನರಿಗೇ, ಮತ್ತು ಆ ಕೆಲಸವನ್ನು ಈ ಊರುಗಳ ಆಸ್ಪತ್ರೆಗಳು ಇನ್ನೊಬ್ಬರಿಗಾಗಿ ಕಾಯದೆ ಈಗಿರುವ ಸಿಬ್ಬಂದಿಯೊಡನೆಯೇ ಆರಂಭಿಸಬಹುದು.